ಹತ್ತು ರೂಪಾಯಿಯ ಟಿಕೆಟ್

“ಪೊಂಗಲ್ ಕಳೆದ ವಾರವೇ ಮದುವೆ. ಅಮ್ಮನನ್ನೂ ಕರೆದುಕೊಂಡು ಬರದಿದ್ದರೆ ಆಮೇಲೆ ನನ್ನ ಮುಖ ನೋಡಬೇಡಿ” ಎಂದು ತಿರುಪ್ಪೂರಿನಿಂದ ಅತ್ತಿಗೆ ಫೋನು ಮಾಡಿದಾಗ ನಾವು ಕುಳಿತು ಲೆಕ್ಕ ಹಾಕಿದೆವು. ಬಾಡಿಗೆ ಕಾರು ಕೈಗೆಟಕುವ ಮಾತಲ್ಲ. ಬಸ್ಸಿನಲ್ಲಿ ಅಮ್ಮನಿಗೆ ಕಾಲು ಊದಿಕೊಳ್ಳುತ್ತದೆ. ಹಾಗಾಗಿ ಬೆಂಗಳೂರಿನಿಂದ ಬೆಳಗ್ಗೆ ಹೊರಡುವ ಎರ್ನಾಕುಳಂ ಇಂಟರ್‌ಸಿಟಿಯಲ್ಲಿ ಎರಡನೆ ದರ್ಜೆಯ ಸೀಟುಗಳನ್ನು ಕಾದಿರಿಸಿದೆವು. ನಾವಿಬ್ಬರು, ಎಪ್ಪತ್ತು ದಾಟಿದ ಅಮ್ಮ, ನಾಲ್ಕು ವರ್ಷದ ಮೊಮ್ಮಗ. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಆದರೆ ಸೀಟೂ ಇಲ್ಲ. ಅವನ ಸೀಟು ನಮ್ಮ ತೊಡೆ.

ಟಿಕೆಟ್ ನೋಡಿ ಅಮ್ಮ ಕೇಳಿದರು, “ನನಗೆ ಅರ್ಧ ಅಲ್ಲವೇನೋ?” ಒಂದು ಕಾಲದಲ್ಲಿ ಅದು ಹೌದು. 58 ದಾಟಿದ ಹೆಂಗಸರಿಗೆ ಶೇಕಡ 50, 60 ದಾಟಿದ ಗಂಡಸರಿಗೆ ಶೇಕಡ 40 ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಅದನ್ನು ನಿಲ್ಲಿಸಿದರು. “ರೋಗ ಹೋಯಿತಲ್ಲ?” ಎಂದರು ಅಮ್ಮ. ನಮ್ಮಲ್ಲಿ ಉತ್ತರವಿರಲಿಲ್ಲ.

ಹೊಸೂರು, ಧರ್ಮಪುರಿ, ಸೇಲಂ, ಈರೋಡು ದಾಟಿ ಮಧ್ಯಾಹ್ನ ತಿರುಪ್ಪೂರು ತಲುಪಿದೆವು. ಬನಿಯನ್, ಟೀ ಶರ್ಟ್‌ಗಳ ಊರು. 2009ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ವರ್ಷ ತಾನೇ ಒಂದು ಜಿಲ್ಲೆಯಾಯಿತು. ಪ್ಲಾಟ್‌ಫಾರಂ ಮೇಲೆ ಒಡಿಯಾ, ಹಿಂದಿ, ಬಂಗಾಳಿ ಎಲ್ಲವೂ ಕಿವಿಗೆ ಬಿದ್ದವು. ಗಂಟುಮೂಟೆಯ ಮೇಲೆ ತಲೆಯಿಟ್ಟು ಮಲಗಿದ್ದ ಹುಡುಗರು ಧನಬಾದ್ ಕಡೆಯ ಗಾಡಿಗೆ ಕಾದಿದ್ದರು. ಅವರಿಗೆ ಎರಡು ಹಗಲು ಎರಡು ರಾತ್ರಿಯ ದಾರಿ, ಅದೂ ಕಾದಿರಿಸದ ಡಬ್ಬಿಯಲ್ಲಿ. ಆರು ತಾಸಿಗೇ ಸೊಂಟ ಹಿಡಿದುಕೊಂಡಿದ್ದ ನಾವು ಸುಮ್ಮನೆ ಹೊರಗೆ ನಡೆದೆವು.

ಮದುವೆ ಚೆನ್ನಾಗಿ ನಡೆಯಿತು. ಬಲಿಪೂಜೆ ತಮಿಳಿನಲ್ಲಿ, ಊಟ ಬಾಳೆಲೆಯಲ್ಲಿ. ಅದನ್ನೆಲ್ಲ ಬರೆಯುತ್ತಾ ಹೋದರೆ ಪುಟ ಸಾಲದು.

ಮರುದಿನ ಮೊಮ್ಮಗನಿಗೆ ಊಟಿಯ ಪುಟ್ಟ ರೈಲು ತೋರಿಸೋಣವೆಂದು ಮೆಟ್ಟುಪಾಳ್ಯಂಗೆ ಹೊರಟೆವು. ಮೊದಲು ಕೊಯಮತ್ತೂರಿಗೆ ಸುಮಾರು 50 ಕಿಲೋಮೀಟರ್. ಕೌಂಟರಿನಲ್ಲಿ ಪ್ಯಾಸೆಂಜರ್ ಗಾಡಿಗೆ ಮೂರು ಟಿಕೆಟ್ ಕೊಂಡೆವು. ಅಷ್ಟರಲ್ಲಿ ಇನ್ನೊಂದು ಗಾಡಿ ಬಂದು ನಿಂತಿತು. “ಇದೂ ಕೊಯಮತ್ತೂರಿಗೇ” ಎಂದು ಯಾರೋ ಹೇಳಿದರು. ಟಿಕೆಟ್ ಕೈಯಲ್ಲಿದೆ, ಹೋಗುವ ಊರು ಅದೇ, ಹತ್ತಿದ್ದೂ ಜನರಲ್ ಡಬ್ಬಿಯೇ, ಇನ್ನೇನು ಬೇಕು?

ಬೇಕಾಗಿತ್ತು. ಅದು ಸೂಪರ್‌ಫಾಸ್ಟ್. ಅರ್ಧ ದಾರಿಯಲ್ಲಿ ಬಂದ ಟಿಕೆಟ್ ಪರೀಕ್ಷಕರು ನಮ್ಮ ಚೀಟಿ ತಿರುಗಿಸಿ ನೋಡಿ, ಇದು ಸಾಧಾರಣ ದರದ ಟಿಕೆಟ್, ಈ ಗಾಡಿಗೆ ಸಲ್ಲುವುದಿಲ್ಲ ಎಂದರು. ದರದ ವ್ಯತ್ಯಾಸ ಕಟ್ಟಬೇಕು, ಅದರ ಮೇಲೆ ತಲೆಗೆ ಕನಿಷ್ಠ 250 ರೂಪಾಯಿ ದಂಡ. ಮೂವರಿಗೆ ದಂಡವೇ 750! ಅಮ್ಮ ಕೈಮುಗಿದರು. ನಮಗೆ ನಾಚಿಕೆಯಾದದ್ದು ದಂಡಕ್ಕಿಂತ ಆ ಕೈಮುಗಿತಕ್ಕೆ. ಪರೀಕ್ಷಕರು ಗದರಲಿಲ್ಲ, ಬಿಡಲೂ ಇಲ್ಲ; ರಸೀದಿ ಬರೆದುಕೊಟ್ಟು, “ಇನ್ನು ಮುಂದೆ ಟಿಕೆಟ್ ಕೇಳುವಾಗ ಊರಿನ ಹೆಸರಿನ ಜೊತೆ ಗಾಡಿಯ ಹೆಸರೂ ಹೇಳಿ” ಎಂದು ಮುಂದೆ ಹೋದರು.

ಆ ರಸೀದಿ ಹಿಡಿದುಕೊಂಡೇ ನಾವು ರೈಲ್ವೆಯ ದರದ ಪಾಠ ಕಲಿತದ್ದು. ಒಂದೇ ಹಳಿ, ಒಂದೇ ಊರು, ಅದೇ ಮರದ ಹಲಗೆಯಂಥ ಸೀಟು. ಆದರೂ ದರ ಮೂರು ಬಗೆ. ಪ್ಯಾಸೆಂಜರ್ ಗಾಡಿಗೆ ಸಾಧಾರಣ ದರ. ಕನಿಷ್ಠ 10 ರೂಪಾಯಿ. ಮೇಲ್ ಅಥವಾ ಎಕ್ಸ್‌ಪ್ರೆಸ್ಸಿಗೆ ಬೇರೆ ದರ. ಅಲ್ಲಿ ಕನಿಷ್ಠ 30. ಸೂಪರ್‌ಫಾಸ್ಟ್ ಆದರೆ ಅದರ ಮೇಲೆ ಎರಡನೆ ದರ್ಜೆಗೆ ಇನ್ನೂ 15. ಹೆಚ್ಚಿನ ದರದ ಟಿಕೆಟ್ ಹಿಡಿದು ಪ್ಯಾಸೆಂಜರ್ ಹತ್ತಿದರೆ ಯಾರೂ ಕೇಳುವುದಿಲ್ಲ. ತಿರುಗಿಸಿ ಮಾಡಿದರೆ ಮಾತ್ರ ದಂಡ. ಇನ್ನೊಂದು ಸಂಗತಿ ಕೂಡ ಬಹಳ ಜನಕ್ಕೆ ಗೊತ್ತಿಲ್ಲ: 199 ಕಿಲೋಮೀಟರ್‌ವರೆಗಿನ ಕಾದಿರಿಸದ ಟಿಕೆಟ್ ಇಡೀ ದಿನಕ್ಕೆ ಅಲ್ಲ. ಕೊಂಡ ಮೇಲೆ ಮೂರು ತಾಸಿನೊಳಗೆ, ಅಷ್ಟರಲ್ಲಿ ಗಾಡಿಯೇ ಇಲ್ಲದಿದ್ದರೆ ಆಮೇಲೆ ಬರುವ ಮೊದಲ ಗಾಡಿಗೆ ಹೊರಡಬೇಕು. ಬೆಳಗ್ಗೆಯೇ ಟಿಕೆಟ್ ತೆಗೆದಿಟ್ಟು ಸಂಜೆ ಹೋಗೋಣ ಎನ್ನುವವರು ಇದನ್ನು ನೆನಪಿಡಬೇಕು.

ಕೊಯಮತ್ತೂರಿನಲ್ಲಿ ಇಳಿದು ಮೆಟ್ಟುಪಾಳ್ಯಂ ಗಾಡಿಗೆ ಟಿಕೆಟ್ ಕೊಳ್ಳುವಾಗ ಗಾಡಿಯ ಹೆಸರು ಎರಡು ಸಲ ಹೇಳಿದೆವು. 36 ಕಿಲೋಮೀಟರಿಗೆ ತಲಾ ಹತ್ತು ರೂಪಾಯಿ. ಒಂದು ಲೋಟ ಕಾಫಿಯೂ ಬಾರದ ದುಡ್ಡು.

ಹೀಗೆಂದು ನಗುತ್ತಿದ್ದಾಗ ಎದುರು ಸೀಟಿನ ಹೆಂಗಸು ನಮ್ಮನ್ನೇ ನೋಡಿ, “ಮೈಸೂರ್ ಕಡೆಯೋರಾ?” ಎಂದರು. ಕನ್ನಡ! ತಮಿಳಿನ ರಾಗ ಹತ್ತಿದ, ನಮ್ಮ ಅಜ್ಜಿಯರ ಕಾಲದ ಕನ್ನಡ. ಸಿರುಮುಗೈಯ ದೇವಾಂಗ ನೇಕಾರರ ಮನೆಯವರಂತೆ. ಮೆಟ್ಟುಪಾಳ್ಯಂ ಪಕ್ಕದ ಆ ಊರು ರೇಷ್ಮೆ ಸೀರೆಗೆ ಹೆಸರುವಾಸಿ. ಈ ಸೀಮೆಯಲ್ಲಿ ನೇಕಾರರು, ಒಕ್ಕಲಿಗರು ಎಷ್ಟೋ ತಲೆಮಾರಿನಿಂದ ಮನೆಯೊಳಗೆ ಕನ್ನಡ ಉಳಿಸಿಕೊಂಡಿದ್ದಾರೆ. ನಮ್ಮ ಕೊಳ್ಳೇಗಾಲ ಕೂಡ 1956ರವರೆಗೆ ಇದೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಲ್ಲವೆ? ಅಮ್ಮನಿಗಂತೂ ಕಳೆದುಹೋದ ತಂಗಿ ಸಿಕ್ಕ ಹಾಗಾಯಿತು.

ಗಾಡಿ ಕೊಯಮತ್ತೂರು ಉತ್ತರ ನಿಲ್ದಾಣ ಬಿಟ್ಟು ತುಡಿಯಲೂರಿನ ಕಡೆ ತಿರುಗಿತು. ಅಮ್ಮ ದಂಡದ ಕಥೆ ಹೇಳಿದರು. ಆಕೆ ನಗಲಿಲ್ಲ.

“ಹತ್ತು ರೂಪಾಯಿ ಅಂದ್ರೆ ನಿಮಗೆ ಹಗುರ ಅವ್ವ. ನಮಗೆ ಅದು ಮೂವತ್ತು ಆಗಿತ್ತಲ್ಲ, ಆಗ ಗೊತ್ತಾಯ್ತು.”

ಕೊರೊನಾ ಕಾಲದಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳನ್ನು ಆಮೇಲೆ ‘ಸ್ಪೆಷಲ್’ ಎಂಬ ಹೆಸರಿನಲ್ಲಿ ಓಡಿಸಿ ಎಕ್ಸ್‌ಪ್ರೆಸ್ ದರ ವಸೂಲು ಮಾಡಿದ್ದು ದೇಶಕ್ಕೆಲ್ಲ ಗೊತ್ತಿದೆ. ಅದೇ ಹಳಿಯ ಮೇಲೆ, ಅದೇ ನಿಲ್ದಾಣಗಳಲ್ಲಿ ನಿಲ್ಲುತ್ತಾ ಹೋಗುವ ಗಾಡಿಗೆ ಹತ್ತರ ಜಾಗದಲ್ಲಿ ಮೂವತ್ತು. ಆಕೆಯ ಗಂಡನಿಗೆ ಮೂಳೆಯ ಕಾಯಿಲೆ. ವಾರಕ್ಕೊಮ್ಮೆ ಕೊಯಮತ್ತೂರಿನ ಆಸ್ಪತ್ರೆಗೆ ಬರಬೇಕು. ಇಬ್ಬರಿಗೆ ಹೋಗಿಬರಲು 40 ರೂಪಾಯಿ ಆಗುತ್ತಿದ್ದದ್ದು 120 ಆಯಿತು. ಮಗ್ಗಕ್ಕೂ ಆಗ ಕೆಲಸವಿರಲಿಲ್ಲ. “ವಾರಕ್ಕೊಂದು ಸಲ ಓಗೋದು ತಿಂಗಳಿಗೊಂದು ಸಲ ಆಯ್ತು. ಡಾಕ್ಟರು ಯಾಕೆ ಬರಲಿಲ್ಲ ಅಂತ ಕೇಳಿದ್ರೆ, ಟಿಕೆಟ್ ಜಾಸ್ತಿ ಅಂತ ಎಂಗ್ ಏಳೋದು? ಊರಲ್ಲಿರಲಿಲ್ಲ ಅಂತಿದ್ವಿ.” ಗಂಡ ಈಗಲೂ ಕೋಲು ಊರಿಕೊಂಡೇ ನಡೆಯುತ್ತಾರಂತೆ. ಆಗ ತಪ್ಪಿಸಿದ್ದರಿಂದಲೇ ಹೀಗಾಯಿತೋ ಏನೋ ಎಂಬುದು ಆಕೆಯ ಮನಸ್ಸಿನ ಕೊರಗು.

2024ರ ಫೆಬ್ರವರಿ ಕೊನೆಯಲ್ಲಿ ಹಳೆಯ ಸಾಧಾರಣ ದರ ಮರಳಿ ಬಂತು. 2025ರಲ್ಲಿ ಜುಲೈಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ರೈಲು ದರ ಏರಿದಾಗಲೂ ಸಾಧಾರಣ ಎರಡನೆ ದರ್ಜೆಯ ಹತ್ತಿರದ ಪ್ರಯಾಣವನ್ನು ಮುಟ್ಟಲಿಲ್ಲ. ಕಿಲೋಮೀಟರಿಗೆ ಒಂದು ಪೈಸೆ, ಎರಡು ಪೈಸೆ ಎಂದು ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸುವ ನಾವು ಆ ದಿನ ಆ ಅಕ್ಕನ ಮುಖ ನೋಡಿಕೊಂಡು ಕುಳಿತಿದ್ದೆವು.

ಕಾರಮಡೈ ದಾಟಿದ ಮೇಲೆ ನೀಲಗಿರಿ ಬೆಟ್ಟ ಗೋಡೆಯ ಹಾಗೆ ಎದ್ದು ನಿಂತಿತು. 1873ರಲ್ಲಿ ಹಾಕಿದ ಈ ದಾರಿ ಬೆಟ್ಟದ ಬುಡಕ್ಕೆ ಬಂದು ಮುಗಿಯುತ್ತದೆ. ಅಲ್ಲಿಂದ ಮೇಲೆ ಕೂನೂರಿಗೆ 1899ರಲ್ಲಿ, ಊಟಿಗೆ 1908ರಲ್ಲಿ ಹಲ್ಲುಹಳಿಯ ಪುಟ್ಟ ರೈಲು. ನಮಗೆ ಅದರ ಟಿಕೆಟ್ ಸಿಗಲಿಲ್ಲ, ಸಿಗುವ ಆಸೆಯೂ ಇರಲಿಲ್ಲ. ಅಲ್ಲಿ ಕಾದಿರಿಸದ ಟಿಕೆಟ್ 2018ರ ಅಕ್ಟೋಬರ್‌ವರೆಗೆ 15 ರೂಪಾಯಿ ಇತ್ತು; ಆ ತಿಂಗಳು 75 ಆಯಿತು. ನೋಡಲು ಬರುವ ಪ್ರವಾಸಿಗರಿಗೆ ಅದು ಹೊರೆಯಲ್ಲ ಎನ್ನುತ್ತೇವೆ ನಾವು. ಆಸ್ಪತ್ರೆಯ ದಾರಿಗೂ ಆಟದ ದಾರಿಗೂ ಒಂದೇ ತಕ್ಕಡಿ ಬೇಡ. ಸಂಜೆ ಆ ನೀಲಿ ಗಾಡಿ ಏದುಸಿರು ಬಿಡುತ್ತಾ ಬೆಟ್ಟ ಇಳಿದು ಬಂದಾಗ ಮೊಮ್ಮಗ ಕುಣಿದಾಡಿದ. ಹತ್ತುವಾಗ ಹಿಂದಿನಿಂದ ತಳ್ಳುವ ಇಂಜಿನ್ ಇಳಿಯುವಾಗ ಮುಂದೆ ಇರುತ್ತದೆ ಎಂದು ಅವನಿಗೆ ಎಷ್ಟು ಹೇಳಿದರೂ ನಂಬಲಿಲ್ಲ.

ಸಿರುಮುಗೈಯ ಅಕ್ಕ ಬಸ್ಸಿಗೆ ಹೋಗುವ ಮುಂಚೆ ಅಮ್ಮನ ಕೈಗೆ ನಾಲ್ಕು ಪೇರಳೆ ಹಣ್ಣು ಇಟ್ಟಿದ್ದರು. ಕತ್ತಲಾಗುವಾಗ ನಾವು ಮತ್ತೆ ಕೌಂಟರಿನ ಮುಂದೆ ನಿಂತೆವು. ಈ ಸಲ ಮಾತಾಡಿದ್ದು ಅಮ್ಮ. ತಮಗೆ ಬರುವ ಅಷ್ಟಿಷ್ಟು ತಮಿಳಿನಲ್ಲಿ ಕಿಂಡಿಯೊಳಗೆ ಬಗ್ಗಿ ಕೇಳಿದರು: “ಕೊಯಮತ್ತೂರಿಗೆ ಮೂರು. ಪ್ಯಾಸೆಂಜರ್ ತಾನೇ ಸ್ವಾಮಿ? ಪ್ಯಾಸೆಂಜರ್?”