ಮೆಟ್ಟು

ನಮ್ಮ ಮಲೆನಾಡಿನಲ್ಲಿ ಚಪ್ಪಲಿಗೆ ‘ಮೆಟ್ಟು’ ಎನ್ನುತ್ತೇವೆ. ಮದುವೆಯಾಗಿ ಧಾರವಾಡಕ್ಕೆ ಬಂದಾಗ ಅತ್ತೆ, “ಕಾಲ್ಮರಿ ಹೊರಗ ಬಿಡವಾ” ಎಂದರು. ನಾನು ಪಿಳಿಪಿಳಿ ನೋಡಿದೆ. ನನ್ನ ‘ಮೆಟ್ಟು’ ಕೇಳಿ ಅವರೂ ನಕ್ಕರು.

ಮೆಟ್ಟು ಎಂದರೆ ತುಳಿ. ತುಳಿಯುವ ವಸ್ತುವಿಗೂ ಅದೇ ಹೆಸರು. ಮೆಟ್ಟಿಲು ಹುಟ್ಟಿದ್ದೂ ಅದರಿಂದಲೇ. ಬೈಗುಳಕ್ಕೂ ಅದೇ ಬೇಕು.

ಅಮ್ಮ ಹಿರಿಯರೆದುರು ಮೆಟ್ಟು ಹಾಕಿದವಳಲ್ಲ. ಅಪ್ಪ ತೀರಿಕೊಂಡ ಮೇಲೆ ಅಂಗನವಾಡಿಯ ಕೆಲಸಕ್ಕೆ ಹೊರಟಾಗ, ನಲವತ್ತರ ವಯಸ್ಸಿನಲ್ಲಿ, ಮೊದಲ ಜೊತೆ ಕೊಂಡಳು. ಜಗಲಿಯಲ್ಲಿ ಕೂತಿದ್ದ ಅಜ್ಜಿ ಮುಖ ತಿರುಗಿಸಿದಳು. ಅಮ್ಮ ಅವಳೆದುರೇ ಮೆಟ್ಟಿಕೊಂಡು ಅಂಗಳ ದಾಟಿದಳು.

‘ಕಷ್ಟವನ್ನು ಮೆಟ್ಟಿ ನಿಲ್ಲು’ ಎಂದು ಯಾರಾದರೂ ಅಂದರೆ, ಈಗಲೂ ನನ್ನ ಕಣ್ಣಿಗೆ ಬರುವುದು ನೀಲಿ ಪಟ್ಟಿಯ ಆ ಹವಾಯಿ ಮೆಟ್ಟು.