ದೊಡ್ಡಪ್ಪನ ಹದಿನೇಳು ದಿನ

ಮಾರತಹಳ್ಳಿ ಕಡೆಯಿಂದ ವೈಟ್‌ಫೀಲ್ಡಿಗೆ ಕೆಲಸಕ್ಕೆ ಹೋಗೋರಿಗೆ ‘ಕರುಣಾಶ್ರಯ’ದ ಬೋರ್ಡು ಕಂಡಿರುತ್ತೆ. ನಾನೂ ಮೂರು ವರ್ಷ ಅದರ ಮುಂದೆಯೇ ಆಫೀಸ್ ಕ್ಯಾಬಿನಲ್ಲಿ ಓಡಾಡಿದವನು. ಒಳಗೆ ಹೋಗುವ ಸಂದರ್ಭ ಬಂದಿದ್ದು 2023ರಲ್ಲಿ, ನಮ್ಮ ದೊಡ್ಡಪ್ಪನ ಜೊತೆ.

ದೊಡ್ಡಪ್ಪ ತಿಪಟೂರಿನವರು. ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಬಾಯಲ್ಲಿ ಸದಾ ಎಲೆ, ಅಡಿಕೆ, ಹೊಗೆಸೊಪ್ಪು. ಕೆನ್ನೆಯ ಒಳಗಿನ ಹುಣ್ಣು ಕ್ಯಾನ್ಸರ್ ಅಂತ ಗೊತ್ತಾಗಿ, ಆಪರೇಷನ್ನು, ಕರೆಂಟು ಕೊಡಿಸೋದು ಎಲ್ಲ ಮುಗಿದು, ವರ್ಷದೊಳಗೆ ಮತ್ತೆ ಬಂತು. ಈ ಸಲ ಡಾಕ್ಟರು "ಇನ್ನು ಮಾಡೋಕೆ ಏನೂ ಉಳಿದಿಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದುಬಿಟ್ರು.

ಮನೆಗೆ ಅಂದ್ರೆ ಹೇಗೆ ಸ್ವಾಮಿ? ಕೆನ್ನೆ ತೂತಾಗಿತ್ತು. ತಡೆಯೋಕಾಗದ ವಾಸನೆ. ನೋವಿಗೆ ರಾತ್ರಿಯೆಲ್ಲ ಮಂಚದ ಪಟ್ಟಿ ಹಿಡ್ಕೊಂಡು ಕೂತಿರೋರು. ಐದು ವರ್ಷದ ಮೊಮ್ಮಗಳು ಹತ್ತಿರ ಬಂದರೆ ಕೈಸನ್ನೆಯಲ್ಲೇ ಆಚೆ ಕಳಿಸೋರು. ತಾತಂಗೆ ನನ್ನ ಮೇಲೆ ಕೋಪ ಅಂತಿದ್ಲು ಪಾಪ..

ಕರುಣಾಶ್ರಯದ ವಿಷಯ ತೆಗೆದಾಗ ಮನೇಲಿ ಜಗಳವೇ ಆಯ್ತು. "ಸಾಯೋಕೆ ಅಂತ ಬಿಟ್ಟು ಬಂದ್ರು ಅಂತ ಊರವರು ಆಡ್ಕೊಳಲ್ವೇನೋ?" ಅಂದ ಅಣ್ಣ, ದೊಡ್ಡಪ್ಪನ ಮಗ. ಅಷ್ಟು ಹೊತ್ತು ಸುಮ್ಮನಿದ್ದ ದೊಡ್ಡಮ್ಮ ಕೇಳಿದ್ರು, "ಊರವರು ರಾತ್ರಿ ಬಂದು ಇವರ ಪಕ್ಕ ಕೂತ್ಕೋತಾರೇನಪ್ಪಾ?"

ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗಾಗಿ 1999ರಲ್ಲಿ ತೆರೆದ ಜಾಗ ಅದು. ದುಡ್ಡು ತಗೊಳಲ್ಲ. ಮೊದಲ ದಿನವೇ ನರ್ಸ್ ಗಾಯ ತೊಳೆದು, ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸಿ ಡ್ರೆಸಿಂಗ್ ಮಾಡಿದ್ರು. ಭೇದಿಗೆ ನಾವೆಲ್ಲ ನುಂಗಿರ್ತೀವಲ್ಲ, ಅದೇ ಮಾತ್ರೆ! ವಾಸನೆ ಬರಿಸೋ ಬ್ಯಾಕ್ಟೀರಿಯಾ ಅದಕ್ಕೆ ಸಾಯುತ್ತಂತೆ. ನಾಲ್ಕೈದು ದಿನಕ್ಕೆ ಪಕ್ಕದಲ್ಲಿ ಕೂತು ಊಟ ಮಾಡಬಹುದು ಅನ್ನುವಷ್ಟು ಕಡಿಮೆಯಾಯ್ತು.

ನೋವಿಗೆ ಮಾರ್ಫಿನ್. ಹೆಸರು ಕೇಳಿದ್ದೇ ಅಣ್ಣ ಬೆಚ್ಚಿಬಿದ್ದ, ಬೇಗ ಮುಗಿಸೋಕೆ ಕೊಡ್ತಾರೆ ಅಂತ. ಡಾಕ್ಟರು ಕೂರಿಸಿಕೊಂಡು ವಿವರಿಸಿದ್ರು. ನೋವು ಬರೋವರೆಗೂ ಕಾಯಬಾರದು, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಮಲಗುವಾಗ ಎರಡರಷ್ಟು, ಮಧ್ಯರಾತ್ರಿ ಎಬ್ಬಿಸೋದು ಬೇಡ ಅಂತ. ಮಲಬದ್ಧತೆ ಆಗುತ್ತೆ, ಅದಕ್ಕೆ ಬೇರೆ ಔಷಧಿ. ಅಳತೆಯಲ್ಲಿ ಕೊಟ್ಟರೆ ಆಯಸ್ಸೇನೂ ಕಮ್ಮಿಯಾಗಲ್ಲ ಅಂದ್ರು. ಇಷ್ಟು ಸರಳವಾದ ಔಷಧಿ ಊರಲ್ಲಿ ಯಾಕೆ ಸಿಗಲಿಲ್ಲ? 1985ರ ಮಾದಕ ವಸ್ತು ಕಾಯ್ದೆ ಬಂದಮೇಲೆ ಲೈಸೆನ್ಸುಗಳ ರಗಳೆಗೆ ಹೆದರಿ ಎಷ್ಟೋ ಕಡೆ ಇಡೋದನ್ನೇ ಬಿಟ್ಟಿದ್ರಂತೆ. 2014ರಲ್ಲಿ ತಿದ್ದುಪಡಿ ಏನೋ ಆಯ್ತು, ಆದರೆ ಹೆದರಿಕೆಗೆ ಯಾರು ತಿದ್ದುಪಡಿ ತರ್ತಾರೆ ಹೇಳಿ?

ಎರಡನೇ ರಾತ್ರಿಯೇ ದೊಡ್ಡಪ್ಪ ನಿದ್ದೆ ಮಾಡಿದ್ರು. ದೊಡ್ಡಮ್ಮನೂ.

ಆರನೇ ದಿನ ಸ್ಲೇಟಿನ ಮೇಲೆ ಬರೆದು ತೋರಿಸಿದ್ರು, "ಪುಟ್ಟೀನ ಕರ್ಕೊಂಡ್ಬಾ". ಅವಳು ಮಂಚ ಹತ್ತಿ ಕೂತಳು. ಅವಳ ಕೈಲಿ ಮಗ್ಗಿ ಬರೆಸಿ, ತಪ್ಪಾದ ಕಡೆ ಬೆರಳಲ್ಲಿ ಅಳಿಸೋರು. ನನಗೆ ಮಾತ್ರ ಒಂದೇ ಪ್ರಶ್ನೆ, ಕೊಬ್ಬರಿ ರೇಟು ಎಷ್ಟು? ಮೊಬೈಲಲ್ಲಿ ನೋಡಿ ಹೇಳಿದರೆ "ಸುಳ್ಳು" ಅಂತ ಬರೆಯೋರು :)

ಹದಿನೇಳನೇ ದಿನ ಬೆಳಗಿನ ಜಾವ ಉಸಿರಿನ ನಡುವೆ ಅಂತರ ಹೆಚ್ಚುತ್ತಾ ಹೋಯ್ತು. ಮಾನಿಟರ್ ಇಲ್ಲ, ಬೀಪ್ ಸದ್ದಿಲ್ಲ. ದೊಡ್ಡಮ್ಮ ಕೈ ಹಿಡಿದಿದ್ರು. ಮುಂದಿನ ಉಸಿರಿಗೆ ಕಾಯ್ತಾ ಕೂತಿದ್ವಿ, ಬರಲಿಲ್ಲ. ನರ್ಸ್ ಬಂದು ನೋಡಿದ್ರು. ಆಮೇಲೆ ಕೆನ್ನೆಯ ಡ್ರೆಸಿಂಗ್ ಬಿಚ್ಚಿ, ಹೊಸದು ಹಾಕಿದ್ರು.

ಊರಲ್ಲಿ ಯಾರೂ ಆಡಿಕೊಳ್ಳಲಿಲ್ಲ ಅಂತೇನಿಲ್ಲ. ಅಣ್ಣನೇ ಕೂತು ಎಲ್ಲರಿಗೂ ಬಿಡಿಸಿ ಹೇಳ್ತಿದ್ದ. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದಿದ್ದ ಒಬ್ಬರು ಊಟ ಆದ್ಮೇಲೆ ಅವನನ್ನ ಪಕ್ಕಕ್ಕೆ ಕರೆದು, ತಂಗಿಗೆ ಬೇಕಿತ್ತು ಅಂತ ವಿಳಾಸ ಬರೆಸಿಕೊಂಡು ಹೋದ್ರು.