ಕಾಲುವೆ ನೀರಿನವರು ಕಡಲಿಗೆ ಇಳಿದಾಗ

ಸಿಂಧನೂರಿನಿಂದ ಕಡಲು ಬಲು ದೂರ. ಪಡುವಣ ಕಡಲು ಕಾಣಬೇಕೆಂದರೆ ಘಟ್ಟ ಇಳಿಯಬೇಕು, ಮೂಡಣ ಕಡಲಿಗೆ ಆಂಧ್ರ ದಾಟಬೇಕು. ನಮ್ಮ ಆರ್.ಎಚ್. (ಪುನರ್ವಸತಿ) ಕ್ಯಾಂಪಿನಲ್ಲಿ ನೀರೆಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆಯ ನೀರು, ಮೀನು ಸಾಕುವ ಹೊಂಡದ ನೀರು. ಆದರೂ ನಮ್ಮ ಮನೆಗಳಲ್ಲಿ ದೊಡ್ಡ ನೀರಿನ ಮಾತು ನಿಂತದ್ದಿಲ್ಲ. 1970ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದು ಇಲ್ಲಿ ನೆಲೆ ಕಂಡ ನಮ್ಮ ಹಿರಿಯರು, ಪಕ್ಕದ ಮನೆಗೂ ದೋಣಿಯಲ್ಲೇ ಹೋಗುತ್ತಿದ್ದ ಬರಿಸಾಲದ ಮಳೆಗಾಲವನ್ನು ಸಿಂಧನೂರಿನ ಎರೆನೆಲದ ಮೇಲೆ ಕೂತು ಹೇಳುತ್ತಿದ್ದರು. ಮನೆಯಲ್ಲಿ ಆ ಮಾತು ಕೇಳುತ್ತ, ಶಾಲೆಯಲ್ಲಿ ಕನ್ನಡ ಓದುತ್ತ ಬೆಳೆದವಳು ನಾನು. ನನ್ನ ಮಗಳಿಗೆ ಈಗ ಹದಿನಾಲ್ಕು.

ಅವಳಿಗೆ ಕಡಲಿನೊಳಗಿನ ಲೋಕದ ಹುಚ್ಚು. ವೆಸ್ಟ್ ಇಂಡೀಸ್ ಕ್ರಿಕೆಟ್ ನೋಡುವಾಗ ಮೈದಾನದ ಆಚೆ ಮಿನುಗುತ್ತಿದ್ದ ಆ ನೀಲಿ ನೀರು ಅವಳ ಕಣ್ಣಿಗೆ ಬಿದ್ದಿತ್ತು. "ಮಾ, ಸ್ಕೂಬಾ ಕಲಿತರೆ ಕೆರಿಬಿಯನ್ನಿನಲ್ಲೇ ಕಲಿಯೋಣ" ಅಂದಳು. ನಾನು ನಗಲಿಲ್ಲ. ಮಕ್ಕಳ ಕನಸನ್ನು ದೂರದ್ದು ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು. ಸಂಜೆಗಳಲ್ಲಿ ತಾಯಿ ಮಗಳು ಭೂಪಟ ಹರಡಿಕೊಂಡು ಕೂತೆವು.

ಮೊದಲು ಮನ ಸೆಳೆದದ್ದು ಬೊನೇರ್. ನೆದರ್ಲೆಂಡ್ಸ್‌ಗೆ ಸೇರಿದ ಈ ಪುಟ್ಟ ದ್ವೀಪ ತನ್ನ ಸುತ್ತಲಿನ ಕಡಲನ್ನು 1979ರಿಂದಲೇ ಸಂರಕ್ಷಿತ ಉದ್ಯಾನವಾಗಿ ಕಾಪಾಡಿಕೊಂಡು ಬಂದಿದೆ. ರಸ್ತೆ ಪಕ್ಕದ ಹಳದಿ ಕಲ್ಲು ನೋಡಿ ವಾಹನ ನಿಲ್ಲಿಸಿ, ದಡದಿಂದಲೇ ನಡೆದು ಹವಳದ ದಂಡೆಗೆ ಇಳಿಯಬಹುದು. ಜೂನ್‌ನಿಂದ ನವೆಂಬರ್‌ವರೆಗೆ ಕೆರಿಬಿಯನ್ನನ್ನು ಕಾಡುವ ಚಂಡಮಾರುತಗಳೂ ಅಲ್ಲಿಗೆ ಸುಳಿಯುವುದು ಅಪರೂಪ. ತಾಯಿ ಮಗುವಿನ ಜೋಡಿಗೆ ಆ ಕಡೆ ಅದಕ್ಕಿಂತ ಹಿತವಾದ ಜಾಗ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಮೆಕ್ಸಿಕೋದ ಕೊಸುಮೆಲ್‌ನಲ್ಲಿ ಸೆಳವು ಜೋರು, ಹರಿವಿನ ಜೊತೆ ತೇಲಿ ಹೋಗಬಲ್ಲ ಪಳಗಿದವರಿಗೆ ಅದು. ಬೆಲೀಜ್‌ನ ಮಹಾ ನೀಲಿ ಕುಳಿ ಸುಮಾರು 300 ಮೀಟರ್ ಅಗಲ, 120 ಮೀಟರಿಗೂ ಮಿಕ್ಕಿದ ಆಳ. ಚಿತ್ರದಲ್ಲಿ ನೋಡಿದರೇ ಮೈ ಝುಮ್ಮೆನ್ನುತ್ತದೆ, ಕಲಿಯುವ ಮಕ್ಕಳ ಜಾಗ ಖಂಡಿತ ಅಲ್ಲ. ಕೇಮನ್ ದ್ವೀಪದಲ್ಲಿ ಸೊಂಟದಾಳದ ನೀರಿನಲ್ಲೇ ತೊರಕೆ ಮೀನುಗಳು ಕಾಲಿಗೆ ಸವರಿ ಹೋಗುತ್ತವಂತೆ.

ಇಷ್ಟೆಲ್ಲ ಓದುವಾಗಲೇ ಒಂದು ಸಂಗತಿ ಸಿಕ್ಕಿತು. ಮಗಳು ಸಿನಿಮಾದಲ್ಲಿ ನೋಡಿ ಮೆಚ್ಚಿದ ನೀಮೋ, ಆ ಕಿತ್ತಳೆ ಬಿಳಿ ಪಟ್ಟೆಯ ಕ್ಲೌನ್ ಮೀನು, ಕೆರಿಬಿಯನ್ನಿನಲ್ಲಿ ಇಲ್ಲವೇ ಇಲ್ಲ! ಇಡೀ ಅಟ್ಲಾಂಟಿಕ್‌ನಲ್ಲೇ ಅದು ಹುಟ್ಟಿಲ್ಲ. ಅದು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಮೀನು, ಅಂದರೆ ನಮ್ಮ ಕಡೆಯದು. ಗರಿ ಬಿಚ್ಚಿ ತೇಲುವ ಲಯನ್ ಮೀನೂ ನಮ್ಮ ಕಡೆಯದೇ. 1985ರಲ್ಲಿ ಅದು ಫ್ಲೋರಿಡಾದ ಬಳಿ ಕಾಣಿಸಿಕೊಂಡು, ಆಮೇಲೆ ಕೆರಿಬಿಯನ್ ತುಂಬ ಹಬ್ಬಿ, ಅಲ್ಲಿನ ಮರಿಮೀನುಗಳನ್ನು ತಿಂದು ಮುಗಿಸುತ್ತಿದೆ. ಹವಳದ ಬಗೆಗಳೂ ಅಲ್ಲಿಗಿಂತ ನಮ್ಮ ಕಡಲಿನಲ್ಲಿ ಹಲವು ಪಟ್ಟು ಹೆಚ್ಚು. ಮಗಳು ಭೂಪಟವನ್ನು ತನ್ನತ್ತ ಎಳೆದುಕೊಂಡಳು. ಬೆರಳು ಅಟ್ಲಾಂಟಿಕ್ ಬಿಟ್ಟು ಬಂಗಾಳ ಕೊಲ್ಲಿಗೆ ಬಂತು.

ಕರ್ನಾಟಕದಲ್ಲೇ ನೇತ್ರಾಣಿ ಇದೆಯಲ್ಲ ಎಂದು ನೀವು ಕೇಳಬಹುದು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಆ ದ್ವೀಪ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ'ಯಿಂದಾಗಿ ಮನೆಮನೆಗೂ ಗೊತ್ತು. ಒಂದು ದಿನ ಇಳಿದು ನೋಡಿ ಬರಲು ಅದು ಸೊಗಸಾದ ಜಾಗ. ಆದರೆ ತೆರೆದ ಕಡಲಿನಲ್ಲಿ ದೋಣಿಯಿಂದಲೇ ಧುಮುಕಬೇಕು. ನಮಗೆ ಬೇಕಿದ್ದದ್ದು ಮೊಣಕಾಲುದ್ದದ ನೀರಿನಿಂದ ಮೆಲ್ಲಗೆ ಹೆಜ್ಜೆ ಇಟ್ಟು ಕಲಿಯುವ ಕಡಲು. ಹಾಗಾಗಿ ಅಂಡಮಾನಿನ ಹ್ಯಾವ್‌ಲಾಕ್ ಎಂದು ತೀರ್ಮಾನಿಸಿದೆವು. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ.

ಆ ತೀರ್ಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು ಸರ್ಕಾರ ಎಲ್ಲೆಲ್ಲಿಗೋ ಕಳಿಸಿತು. ಕೆಲವರು ದಂಡಕಾರಣ್ಯದ ಕಾಡಿಗೆ, ಕೆಲವರು ನಮ್ಮ ರಾಯಚೂರು ಜಿಲ್ಲೆಗೆ. 1949ರಿಂದ ಮೊದಲ್ಗೊಂಡು ಹಲವು ಕುಟುಂಬಗಳು ಹಡಗು ಹತ್ತಿ ಅಂಡಮಾನಿಗೆ ಹೋದವು. ಹ್ಯಾವ್‌ಲಾಕ್‌ನ ಊರುಗಳನ್ನು ಕಟ್ಟಿದವರು ಅವರೇ. ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ, ರಾಧಾನಗರ: ಹೆಸರುಗಳಲ್ಲೇ ಅವರ ಭಕ್ತಿ ಕಾಣುತ್ತದೆ.

ಬಸ್ಸಿನಲ್ಲಿ ಬೆಂಗಳೂರು, ವಿಮಾನದಲ್ಲಿ ಪೋರ್ಟ್ ಬ್ಲೇರ್, ಅಲ್ಲಿಂದ ಸುಮಾರು ಎರಡು ತಾಸಿನ ಹಡಗು. ದಾರಿಯ ವಿವರ ಬೇಡ. ಮೊದಲ ಸಂಜೆಯನ್ನು ಮಾತ್ರ ಹೇಳಬೇಕು. ಐದೂವರೆಗೆಲ್ಲ ಕತ್ತಲು! ಗಡಿಯಾರ ನಮ್ಮದೇ, ಆದರೆ ಆ ದ್ವೀಪ ಸಿಂಧನೂರಿಗಿಂತ ಹದಿನಾರು ರೇಖಾಂಶ ಮೂಡಣಕ್ಕಿದೆ. ಸೂರ್ಯ ಒಂದು ತಾಸಿಗೂ ಮುಂಚೆಯೇ ಮನೆ ಸೇರುತ್ತಾನೆ. ಗೋವಿಂದನಗರದ ಪೇಟೆಯಲ್ಲಿ ತರಕಾರಿ ಮಾರುತ್ತಿದ್ದ ಅಜ್ಜಿಯೊಬ್ಬರು ನಮ್ಮ ಬಂಗಾಳಿ ಮಾತು ಕೇಳಿ ತಲೆಯೆತ್ತಿದರು. ಯಾವ ಜಿಲ್ಲೆ ಎಂದು ಕೇಳಿದರು. ರಾಯಚೂರು ಅಂದೆ. ಅದಲ್ಲ, ಅದಕ್ಕೂ ಹಿಂದೆ ಎಂದರು. ಬರಿಸಾಲ ಅಂದೆ. ಅವರದೂ ಬರಿಸಾಲವೇ. ಹೆಣ್ಣುಮಗು ಕಡಲಿನ ತಳಕ್ಕೆ ಹೋಗುತ್ತದೆಂದು ತಿಳಿದು ಅವರು ಮಗಳ ತಲೆ ಸವರಿದರು. ಅವರು ಹಡಗಿನಲ್ಲಿ ಬಂದವರು, ನಾವು ರೈಲಿನಲ್ಲಿ ಬಂದವರು. ಕೊಟ್ಟ ಸರ್ಕಾರ ಒಂದೇ, ಸಿಕ್ಕ ನೆಲ ಬೇರೆ ಬೇರೆ.

ಕಲಿಕೆಗೆ ನಿಯಮಗಳಿವೆ, ನನಗೆ ಅವು ಬಹಳ ಹಿಡಿಸಿದವು. ಹತ್ತು ತುಂಬಿದ ಮಕ್ಕಳು ಕಲಿಯಬಹುದು. ಹನ್ನೆರಡರೊಳಗಿನವರಿಗೆ 12 ಮೀಟರೇ ಮಿತಿ. ಹನ್ನೆರಡರಿಂದ ಹದಿನಾಲ್ಕರವರು ತರಬೇತಿ ಪಡೆದ ದೊಡ್ಡವರ ಜೊತೆ 18 ಮೀಟರ್‌ವರೆಗೆ ಇಳಿಯಬಹುದು. ಮೊದಲು 200 ಮೀಟರ್ ಈಜಿ ತೋರಿಸಬೇಕು, ಹತ್ತು ನಿಮಿಷ ತೇಲಬೇಕು. ಆಸ್ತಮಾ, ಕಿವಿನೋವು ಇದೆಯೇ ಎಂದು ಬರೆದು ಕೊಡಬೇಕು. ಮಗಳು ನಮ್ಮ ಮೀನಿನ ಹೊಂಡದಲ್ಲೇ ಈಜು ಕಲಿತವಳು, ಆ ಪರೀಕ್ಷೆ ಅವಳಿಗೆ ಆಟ. ಕಲಿಸಿದ ಹುಡುಗ ಆ ದ್ವೀಪದಲ್ಲೇ ಹುಟ್ಟಿದವನು. ಅವನು ನಮ್ಮ ಮನೆಮಾತಿನಲ್ಲೇ ಹೇಳಿದ ಮೊದಲ ಪಾಠ ಒಂದೇ: ಉಸಿರು ಎಂದೂ ಹಿಡಿಯಬೇಡಿ. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಅಲ್ಲಿ ಎಳೆದ ಗಾಳಿಯನ್ನು ಹಿಡಿದಿಟ್ಟು ಮೇಲೆ ಬಂದರೆ ಶ್ವಾಸಕೋಶದೊಳಗೆ ಅದು ಹಿಗ್ಗಿ ಅಪಾಯ ತರುತ್ತದೆ. 1943ರಲ್ಲಿ ಕುಸ್ತೋ ಮತ್ತು ಗಾನ್ಯಾ ಎಂಬ ಇಬ್ಬರು ಫ್ರೆಂಚರು ರೂಪಿಸಿದ ಉಪಕರಣ, ಸಿಲಿಂಡರಿನಲ್ಲಿ ಇನ್ನೂರು ಪಟ್ಟು ಅದುಮಿಟ್ಟ ಗಾಳಿಯನ್ನು ಆಯಾ ಆಳಕ್ಕೆ ತಕ್ಕ ಒತ್ತಡದಲ್ಲಿ ಬಾಯಿಗೆ ಕೊಡುತ್ತದೆ. ಮನುಷ್ಯ ನೀರೊಳಗೆ ಕಟ್ಟಿಲ್ಲದೆ ಓಡಾಡುವಂತಾದದ್ದು ಆ ಉಪಾಯದಿಂದ.

ಇಳಿದದ್ದು ದಡದಿಂದಲೇ ನಡೆದು ಹೋಗಬಹುದಾದ ನೀಮೋ ರೀಫ್‌ನಲ್ಲಿ. ತಲೆ ಮುಳುಗಿತು. ಕಿವಿಯೊಳಗೆ ಒತ್ತಿದಂತಾಯಿತು, ಮೂಗು ಹಿಡಿದು ಮೆಲ್ಲಗೆ ಊದಿದೆ, ಟಿಕ್ ಎಂದು ಬಿಟ್ಟುಕೊಂಡಿತು. ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ? ನೀರು ಎಂಬುದೇ ಕಾಣಿಸಲಿಲ್ಲ, ಬೆಳಕಿನಲ್ಲೇ ತೇಲುತ್ತಿದ್ದೆವು. ನೀರೊಳಗೆ ಎಲ್ಲವೂ ಮೂರರಲ್ಲೊಂದು ಪಾಲು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಮಗಳ ಕಣ್ಣುಗಳು ಮುಖವಾಡದ ಗಾಜಿನಾಚೆ ಅಗಲವಾಗಿ ಹೊಳೆಯುತ್ತಿದ್ದವು. ಕಟಕಟ ಸದ್ದು ಎಲ್ಲ ದಿಕ್ಕಿನಿಂದಲೂ ಬರುತ್ತಿತ್ತು. ಸದ್ದು ನೀರಿನಲ್ಲಿ ನಾಲ್ಕು ಪಟ್ಟು ವೇಗವಾಗಿ ಓಡುವುದರಿಂದ ಅದು ಎಲ್ಲಿಂದ ಬಂತೆಂದು ನಮ್ಮ ಕಿವಿಗೆ ತಿಳಿಯುವುದಿಲ್ಲ. ಆಮೇಲೆ ಕಂಡಿತು: ಗಿಣಿ ಮೀನೊಂದು ಕೊಕ್ಕಿನಂಥ ಬಾಯಿಯಿಂದ ಹವಳದ ಕಲ್ಲು ಕಡಿಯುತ್ತಿತ್ತು! ಅದು ಕಡಿದ ಕಲ್ಲು ಹೊಟ್ಟೆಯಲ್ಲಿ ನುಣ್ಣಗಾಗಿ ಬಿಳಿ ಮರಳಾಗಿ ಹೊರಬೀಳುತ್ತದೆ. ನಾವು ಬರಿಗಾಲಲ್ಲಿ ನಡೆದಾಡಿದ ದಡಗಳಲ್ಲಿ ಅಂಥ ಮರಳೂ ಸೇರಿದೆ.

ನೀಮೋ ಸಿಕ್ಕಿತು. ಕಡಲಹೂವಿನ ಮುಳ್ಳುಬೆರಳುಗಳ ನಡುವೆ ಒಂದು ಸಂಸಾರವೇ ಇತ್ತು. ಆ ಮೀನುಗಳೆಲ್ಲ ಗಂಡಾಗಿಯೇ ಬೆಳೆಯುತ್ತವೆ. ಮನೆಗೆ ಯಜಮಾನಿಯಾದ ದೊಡ್ಡ ಹೆಣ್ಣು ಸತ್ತರೆ, ಅವಳ ಜೋಡಿ ಗಂಡೇ ಹೆಣ್ಣಾಗುತ್ತದೆ. ಪುಟ್ಟ ಮೀನು ಮನೆ ಕಾಯಲು ಮಗಳ ಬೆರಳಿನತ್ತ ನುಗ್ಗಿ ಬಂತು. ಅಷ್ಟು ಚಿಕ್ಕ ಜೀವಕ್ಕೆ ಅಷ್ಟು ಧೈರ್ಯ!

ಮುಂದೆ ದೋಣಿಯಲ್ಲಿ ಹೋಗಿ ಇನ್ನಷ್ಟು ಆಳಕ್ಕೆ ಇಳಿದಾಗ ನನ್ನ ಕೈಯ ಕೆಂಪು ಪೋಲಾ ಬಳೆ ಕಂದಾಗಿ ಕಂಡಿತು. ಬೆಳಕಿನ ಬಣ್ಣಗಳಲ್ಲಿ ಕೆಂಪನ್ನೇ ನೀರು ಮೊದಲು ನುಂಗುತ್ತದೆ ಎಂದು ಓದಿದ್ದೆ. ನನ್ನ ಕೈಯಲ್ಲೇ ನೋಡಿ ಬೆರಗಾದೆ. ಕಲಿಸುವ ಹುಡುಗ ಟಾರ್ಚ್ ಹಾಕಿದ, ಬಳೆ ಒಮ್ಮೆಲೇ ಕುಂಕುಮದಂತೆ ಉರಿಯಿತು. ಮಗಳು ನೀರೊಳಗೇ ನಕ್ಕಳು, ಗುಳ್ಳೆಗಳು ಸಾಲಾಗಿ ಮೇಲೆದ್ದವು. ಅಲ್ಲಿ ಮಾತಿಲ್ಲ, ಕೈಸನ್ನೆಯೇ ಎಲ್ಲ. ಹದಿಹರೆಯ ಬಂದ ಮೇಲೆ ಮನೆಯಲ್ಲಿ ನನ್ನ ಪ್ರಶ್ನೆಗೆಲ್ಲ "ಹ್ಞೂಂ" ಎಂದಷ್ಟೇ ಹೇಳುವವಳು ನಿಮಿಷಕ್ಕೊಮ್ಮೆ ನನ್ನತ್ತ ತಿರುಗಿ, ಬೆರಳುಂಗುರ ಮಾಡಿ, ನೀನು ಚೆನ್ನಾಗಿದ್ದೀಯಾ ಎಂದು ಕೇಳುತ್ತಿದ್ದಳು. ಅವಳ ಗಾಳಿ ಎಷ್ಟಿದೆಯೆಂದು ನಾನು ನೋಡಬೇಕು, ನನ್ನದನ್ನು ಅವಳು ನೋಡಬೇಕು. ಜೋಡಿಯಾಗಿ ಇಳಿದವರ ಕಟ್ಟಳೆ ಅದು. ಕೆರಿಬಿಯನ್ನೋ ಅಂಡಮಾನೋ, ಹೆತ್ತವರು ಹದಿಹರೆಯದ ಮಕ್ಕಳ ಜೊತೆ ನೀರಿಗಿಳಿಯಬೇಕಾದದ್ದು ಈ ಕಟ್ಟಳೆಗಾಗಿ ಎಂದು ನನಗೆ ಅನ್ನಿಸಿದೆ.

ಬೂದಿ ಬಣ್ಣದ ಸತ್ತ ಹವಳವನ್ನೂ ಕಂಡೆವು. 2010ರಲ್ಲಿ ಕಡಲು ಕಾದು ಅಂಡಮಾನಿನ ಹವಳ ಬಹಳಷ್ಟು ಬಿಳಿಚಿತ್ತು. ಹವಳದ ಹುಳುವಿನ ಮೈಯಲ್ಲಿ ಸಣ್ಣ ಪಾಚಿ ಬಾಳುತ್ತದೆ, ಅದೇ ಅದಕ್ಕೆ ಅನ್ನ, ಅದೇ ಬಣ್ಣ. ನೀರು ಬಿಸಿಯಾದರೆ ಪಾಚಿ ಹೊರಬಿದ್ದು ಹವಳ ಹಸಿದು ಸಾಯುತ್ತದೆ. ಹೋಗುವವರು ದಯವಿಟ್ಟು ಹವಳ ಮುಟ್ಟಬೇಡಿ, ಮೇಲೆ ನಿಲ್ಲಬೇಡಿ, ತುಂಡು ತರಬೇಡಿ.

ನಮ್ಮ ತಾಲ್ಲೂಕಿನ ತಾಯಿ ತಂದೆಯರಿಗೆ ನನ್ನ ಸಲಹೆ ಇಷ್ಟು. ಜನವರಿಯಿಂದ ಏಪ್ರಿಲ್ ನಡುವೆ ಹೋಗಿ, ಆಗ ಕಡಲು ಶಾಂತ. ಕೊನೆಯ ಮುಳುಗು ಮುಗಿದ ಮೇಲೆ 18 ತಾಸು ಕಳೆಯದೆ ವಿಮಾನ ಹತ್ತಬೇಡಿ. ಆ ಹೊತ್ತನ್ನು ರಾಧಾನಗರದ ದಡದಲ್ಲಿ ಕಳೆಯಿರಿ. ಎಲ್ಲಕ್ಕೂ ಮೊದಲು ಮಕ್ಕಳಿಗೆ ಈಜು ಕಲಿಸಿ, ಹೆಣ್ಣುಮಕ್ಕಳಿಗೂ ಕಲಿಸಿ. ಕಡಲಿಗೆ ಹೋಗದಿದ್ದರೂ ಮನೆಯ ಮುಂದೆ ಕಾಲುವೆ ಹರಿಯುತ್ತಿದೆ.